ಹಂದಿಯ ರಕ್ತದ ರಿಪೋರ್ಟ್ ಎಡವಟ್ಟಾಗಿ ಬಂದರೆ ಎಲ್ಲಿಂದ ಹುಡುಕಬೇಕು: ಟ್ಯೂಬು, ಗಾಬರಿ, ಕಾಯಿಲೆ

ಹಂದಿ ಫೀಡ್ ಮುಟ್ಟುತ್ತಿಲ್ಲ, ಇಲ್ಲವೇ ಗಾಡಿಯಿಂದ ಇಳಿಸಿದ ಮೇಲೆ ಎದ್ದು ನಿಲ್ಲುತ್ತಿಲ್ಲ. ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದ್ದೀರಿ. ರಿಪೋರ್ಟ್ ಬಂತು. ಅರ್ಧಕ್ಕರ್ಧ ಸಾಲುಗಳ ಪಕ್ಕ ಬಾಣದ ಗುರುತು. ಗ್ಲೂಕೋಸ್ ಜಾಸ್ತಿ, ಪೊಟ್ಯಾಸಿಯಂ ಜಾಸ್ತಿ, ಸಿಕೆ ಸಾವಿರಗಟ್ಟಲೆ. ಕಿಡ್ನಿ ಹೋಯ್ತಾ, ಲಿವರ್ ಹೋಯ್ತಾ, ಸಕ್ಕರೆ ಕಾಯಿಲೆಯಾ ಅಂತ ಫೋನ್ ಬರುವುದು ಈ ಹಂತದಲ್ಲೇ.

ಹಂದಿಯಷ್ಟು ಬೇಗ ಗಾಬರಿ ಬೀಳುವ ಸಾಕುಪ್ರಾಣಿ ಕಡಿಮೆ. ಹಿಡಿದರೆ ಸಾಕು, ಊರು ಕೇಳುವಂತೆ ಕಿರುಚುತ್ತದೆ. ಆ ಕಿರುಚಾಟವೆಲ್ಲ ಟ್ಯೂಬಿನೊಳಗೂ ಬರುತ್ತದೆ. ಹಾಗಾಗಿ ಕಾಯಿಲೆ ಹುಡುಕುವುದಕ್ಕೆ ಮುಂಚೆ ಬೇರೆ ಮೂರು ಕಡೆ ನೋಡಬೇಕು. ರಿಪೋರ್ಟಿನಲ್ಲಿ ಯಾರ ಮಾಮೂಲಿ ಮಟ್ಟ ಹಾಕಿದ್ದಾರೆ, ಟ್ಯೂಬಿನಲ್ಲಿ ಏನಾಯಿತು, ಹಂದಿಯನ್ನು ಹೇಗೆ ಹಿಡಿದರು. ಈ ಮೂರೂ ಸರಿ ಇದ್ದರೆ ಮಾತ್ರ ಕಾಯಿಲೆಯ ಕಡೆ ಹೋಗುವುದು.

ಬಾಣದ ಗುರುತು ಯಾರ ಲೆಕ್ಕದ್ದು?

ಹಳ್ಳಿ ಕಡೆ ಹಂದಿಯ ರಕ್ತ ಬಹಳ ಸಲ ಹೋಗುವುದು ಮನುಷ್ಯರ ಲ್ಯಾಬಿಗೆ. ಹತ್ತಿರದಲ್ಲಿ ಇರುವುದು ಅದೇ ತಾನೇ. ಮೆಷಿನ್ ಅಳೆಯುವುದರಲ್ಲಿ ದೊಡ್ಡ ತಪ್ಪಿರುವುದಿಲ್ಲ. ಆದರೆ ಪಕ್ಕದ ಕಾಲಮ್ಮಿನಲ್ಲಿ ಅಚ್ಚಾಗುವ ಮಾಮೂಲಿ ಮಟ್ಟ ಮನುಷ್ಯರದ್ದು.

ಹಂದಿಯ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 11 ಸಾವಿರದಿಂದ 22 ಸಾವಿರ ಇರುವುದು ಮಾಮೂಲು. ಮನುಷ್ಯರಲ್ಲಿ 11 ಸಾವಿರ ದಾಟಿದರೆ ಸೋಂಕು ಅನ್ನುತ್ತಾರೆ. ಆರೋಗ್ಯವಾಗಿರುವ ಹಂದಿಯ ರಿಪೋರ್ಟಿನಲ್ಲೂ ಅಲ್ಲೊಂದು ಬಾಣ ಬಿದ್ದಿರುತ್ತದೆ. ಹಂದಿಯ ಕೆಂಪು ಕಣ ಗಾತ್ರದಲ್ಲಿ ಚಿಕ್ಕದು, 50ರಿಂದ 68 ಫೆಮ್ಟೋಲೀಟರ್. ಮನುಷ್ಯರದ್ದು 80ರಿಂದ 100. ಹಿಮೋಗ್ಲೋಬಿನ್ ಕೂಡ 10ರಿಂದ 16 ಗ್ರಾಂ. ಇವೆರಡನ್ನೂ ಮನುಷ್ಯರ ಲೆಕ್ಕಕ್ಕೆ ಹಿಡಿದರೆ ಕಬ್ಬಿಣದ ಕೊರತೆ ಅಂತ ಕಾಣುತ್ತದೆ. ಸುಮ್ನೆ ಕಬ್ಬಿಣದ ಇಂಜೆಕ್ಷನ್ ಹಾಕಿಸುತ್ತಾರೆ. ಮರಿಗಳಿಗೆ ಅದು ಬೇಕೇ ಬೇಕು, ಬೆಳೆದ ಹಂದಿಗೆ ಈ ಕಾರಣಕ್ಕೆ ಬೇಡ. ಕ್ರಿಯಾಟಿನಿನ್ 2 ಇದ್ದರೆ ಮನುಷ್ಯರ ಕಿಡ್ನಿ ಡಾಕ್ಟರ ಹತ್ತಿರ ಓಡಬೇಕು, ಹಂದಿಗೆ ಅದು ಮಾಮೂಲಿ ಮಟ್ಟದೊಳಗೇ ಇದೆ.

ಎಲ್ಲಕ್ಕಿಂತ ಜಾಸ್ತಿ ಹೆದರಿಸುವುದು ಸಿಕೆ. ಇದು ಮಾಂಸಖಂಡದೊಳಗಿನ ಕಿಣ್ವ. ಖಂಡಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಮನುಷ್ಯರಲ್ಲಿ 200ರ ಆಸುಪಾಸಿಗೆ ಗೆರೆ ಎಳೆಯುತ್ತಾರೆ. ಹಂದಿಯನ್ನು ಕುಣಿಕೆ ಹಾಕಿ ಹಿಡಿದರೂ ಸಾವಿರ, ಎರಡು ಸಾವಿರ ಬರಬಹುದು. ಹಿಂದಿನ ದಿನ ತೊಡೆಗೆ ಇಂಜೆಕ್ಷನ್ ಕೊಟ್ಟಿದ್ದರೆ ಇನ್ನೂ ಜಾಸ್ತಿ.

ಒತ್ತಡದ ಹಾರ್ಮೋನು ಕಾರ್ಟಿಸೋಲ್ ಮಾಡಿಸಿದ್ದರೆ ಮೊದಲು ಯೂನಿಟ್ ನೋಡಿ. ಒಂದು ಲ್ಯಾಬು ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತದೆ, ಇನ್ನೊಂದು ಮಿಲಿಲೀಟರಿಗೆ ನ್ಯಾನೋಗ್ರಾಂ, ಮತ್ತೊಂದು ಲೀಟರಿಗೆ ನ್ಯಾನೋಮೋಲ್. 3 ಮೈಕ್ರೋಗ್ರಾಂ ಅಂದರೆ 30 ನ್ಯಾನೋಗ್ರಾಂ, ಅಂದರೆ ಸುಮಾರು 83 ನ್ಯಾನೋಮೋಲ್. ಮೂರೂ ಒಂದೇ. ಹೋದ ಸಲ 3 ಇತ್ತು, ಈ ಸಲ 83 ಆಗಿದೆ ಅಂತ ಕಂಗಾಲಾಗುವ ಮುಂಚೆ ಇದನ್ನು ನೋಡಿದರೆ ಅರ್ಧ ಜಗಳ ಮುಗಿಯುತ್ತದೆ. ಮನುಷ್ಯರ ಕಾರ್ಟಿಸೋಲ್ ಕಿಟ್ ಹಂದಿಗೂ ನಡೆಯುತ್ತದೆ, ಯಾಕೆಂದರೆ ಇಬ್ಬರ ಮುಖ್ಯ ಒತ್ತಡದ ಹಾರ್ಮೋನೂ ಅದೇ. ಕೋಳಿ, ಇಲಿಗಳದ್ದು ಬೇರೆ.

ಟ್ಯೂಬಿನೊಳಗೆ ಆಗುವ ಎಡವಟ್ಟು

ಒಂದು ರಿಪೋರ್ಟ್ ಹೀಗಿದೆ ಅಂತಿಟ್ಟುಕೊಳ್ಳಿ: ಪೊಟ್ಯಾಸಿಯಂ 14, ಕ್ಯಾಲ್ಸಿಯಂ 2, ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ನೆಲ ಕಚ್ಚಿದೆ. ಹಂದಿ ಮಾತ್ರ ಎದ್ದು ಓಡಾಡಿಕೊಂಡು ತಿನ್ನುತ್ತಿದೆ. ಈ ಅಂಕಿ ನಿಜವಾಗಿದ್ದರೆ ಅದರ ಹೃದಯ ಯಾವಾಗಲೋ ನಿಂತಿರಬೇಕಿತ್ತು. ಇಲ್ಲಿ ಆಗಿರುವುದು ಇಷ್ಟೇ. ರಕ್ತವನ್ನು ಮೊದಲು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿ, ಹೆಚ್ಚಾಯಿತು ಅಂತ ಅದರಿಂದ ಕೆಂಪು ಮುಚ್ಚಳದ ಟ್ಯೂಬಿಗೆ ಸುರಿದಿದ್ದಾರೆ. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎಯ ಪೊಟ್ಯಾಸಿಯಂ ಉಪ್ಪು. ಅದು ಪೊಟ್ಯಾಸಿಯಂ ಏರಿಸುತ್ತದೆ, ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಈ ಜೋಡಿ ಕಂಡರೆ ಬೇರೆ ಏನೂ ಯೋಚಿಸಬೇಡಿ, ಮತ್ತೆ ರಕ್ತ ತೆಗೆಸಿ. ಯಾವಾಗಲೂ ಕೆಂಪು ಮೊದಲು, ಆಮೇಲೆ ಹಸಿರು, ಆಮೇಲೆ ನೇರಳೆ, ಬೂದು ಕೊನೆಗೆ.

ಪೊಟ್ಯಾಸಿಯಂ ಮಾತ್ರ ಏರಿದೆ, ಕ್ಯಾಲ್ಸಿಯಂ ಸರಿ ಇದೆ ಅಂದರೆ ಸೀರಮ್ಮಿನ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿನೀರಿನ, ಬಣ್ಣ ಕೇಳಿ. ತಿಳಿ ಹುಲ್ಲಿನ ಬಣ್ಣ ಇರಬೇಕು. ಗುಲಾಬಿ ಅಥವಾ ಕೆಂಪಾಗಿದ್ದರೆ ಕೆಂಪು ಕಣ ಒಡೆದಿದೆ. ಹಂದಿಯ ಕೆಂಪು ಕಣ ಬೇಗ ಒಡೆಯುತ್ತದೆ, ಒಳಗೆ ಪೊಟ್ಯಾಸಿಯಂ ತುಂಬಿಕೊಂಡಿರುತ್ತದೆ. ನಾಯಿಯ ರಕ್ತ ಹೀಗೆ ಒಡೆದರೆ ಸಾಮಾನ್ಯವಾಗಿ ಪೊಟ್ಯಾಸಿಯಂ ಅಷ್ಟಾಗಿ ಏರುವುದಿಲ್ಲ, ಹಂದಿಯದ್ದು ಏರುತ್ತದೆ. ಜೊತೆಗೆ ಜೀವಕೋಶದೊಳಗಿನ ಕಿಣ್ವಗಳಾದ ಎಲ್‌ಡಿಎಚ್, ಎಎಸ್‌ಟಿ (ಇದು ಖಂಡ, ಲಿವರ್ ಎರಡರಲ್ಲೂ ಇರುತ್ತದೆ), ಮತ್ತೆ ಫಾಸ್ಫರಸ್ ಕೂಡ ಏರುತ್ತವೆ. ಕಾರಣ ಸಾಮಾನ್ಯವಾಗಿ ಸಣ್ಣ ಸೂಜಿ, ಜೋರಾಗಿ ಎಳೆದ ಸಿರಿಂಜ್, ಇಲ್ಲವೇ ಸೂಜಿ ತೆಗೆಯದೆ ಟ್ಯೂಬಿಗೆ ಪಿಚಕಾರಿ ಹೊಡೆದಿರುವುದು. ಬೈಕಿನ ಡಿಕ್ಕಿಯಲ್ಲಿ ಕುಲುಕಿಸಿಕೊಂಡು ಹೋದರೂ ಅಷ್ಟೇ.

ಸೀರಮ್ ಹಾಲಿನ ಹಾಗೆ ಬೆಳ್ಳಗಿದ್ದರೆ ತಿಂದ ತಕ್ಷಣ ರಕ್ತ ತೆಗೆದಿದ್ದಾರೆ. ಹಾಲು ಕುಡಿಯುವ ಮರಿಗಳಲ್ಲಿ ಇದು ಸಾಮಾನ್ಯ.

ತಡವಾದ ಸ್ಯಾಂಪಲ್ಲಿನಲ್ಲಿ ಗ್ಲೂಕೋಸ್ ಇಳಿಯುತ್ತದೆ, ಆಮ್ಲಜನಕ ಇಲ್ಲದೆ ಗ್ಲೂಕೋಸ್ ಉರಿದಾಗ ಉಳಿಯುವ ಲ್ಯಾಕ್ಟೇಟ್ ಏರುತ್ತದೆ. ಇಲ್ಲೊಂದು ತಮಾಷೆ ಇದೆ. ದೊಡ್ಡ ಹಂದಿಯ ಕೆಂಪು ಕಣಕ್ಕೆ ಗ್ಲೂಕೋಸ್ ಒಳಗೆ ತೆಗೆದುಕೊಳ್ಳುವುದೇ ಕಷ್ಟ. ಅದು ಲಿವರಿನಿಂದ ಬರುವ ಇನೋಸಿನ್ ಅನ್ನುವ ಬೇರೆ ವಸ್ತು ತಿಂದು ಬದುಕುತ್ತದೆ. ಹಾಗಂತ ರಕ್ತವನ್ನು ಮಧ್ಯಾಹ್ನದ ತನಕ ಕಿಟಕಿಯಲ್ಲಿ ಇಡಬೇಡಿ, ಬಿಳಿ ಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಗ್ಲೂಕೋಸ್, ಲ್ಯಾಕ್ಟೇಟ್ ಬೇಕಿದ್ದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಮತ್ತು ಐಸ್ ಬೇಕೇ ಬೇಕು. ಕಾರ್ಟಿಸೋಲ್ ಮಾತ್ರ ಗಟ್ಟಿ ಆಸಾಮಿ, ಅರ್ಧ ದಿನ ತಡವಾದರೂ ಅಷ್ಟಾಗಿ ಕೆಡುವುದಿಲ್ಲ.

ಯಾವ ಅಂಕಿ ಎಷ್ಟು ಹೊತ್ತಿನ ಹಿಂದಿನದ್ದು

ಟ್ಯೂಬು ಸರಿ ಇದೆ ಅಂದುಕೊಳ್ಳೋಣ. ಈಗ ಮುಖ್ಯ ಕೆಲಸ. ನನ್ನ ಪ್ರಕಾರ ಹಂದಿಯ ರಿಪೋರ್ಟ್ ಓದುವುದು ಅಂದರೆ ಸಮಯ ಓದುವುದು. ಒಂದೊಂದು ಅಂಶ ಒಂದೊಂದು ಹೊತ್ತಿನ ಸುದ್ದಿ ಹೇಳುತ್ತದೆ.

ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಕಳೆದ ಕೆಲವು ನಿಮಿಷಗಳದ್ದು. ಹೆದರಿದ ತಕ್ಷಣ ಅಡ್ರಿನಲಿನ್ ನುಗ್ಗಿ ಲಿವರಿನಿಂದ ಸಕ್ಕರೆ ಬಿಡಿಸುತ್ತದೆ. ಮಾಮೂಲು 85ರಿಂದ 150 ಮಿಲಿಗ್ರಾಂ ಇರುವ ಗ್ಲೂಕೋಸ್ 180, 200 ಮುಟ್ಟುವುದು ವಿಶೇಷವೇನಲ್ಲ. ಓಡಿಸಿ, ಬಡಿದು ಹತ್ತಿಸಿದ ಹಂದಿಯ ಲ್ಯಾಕ್ಟೇಟ್ 10, 20 ಮಿಲಿಮೋಲ್ ಕೂಡ ದಾಟುತ್ತದೆ. ನೆರಳಲ್ಲಿ ಒಂದೆರಡು ಗಂಟೆ ಬಿಟ್ಟರೆ ಬಹಳಷ್ಟು ಇಳಿಯುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಪಿಸಿವಿ ಕೂಡ ಇದೇ ಗುಂಪಿನದ್ದು. ಗಾಬರಿಗೆ ಗುಲ್ಮ ಬಿಗಿದುಕೊಂಡು ಒಳಗಿಟ್ಟಿದ್ದ ಕೆಂಪು ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ನೀರು ಕಮ್ಮಿಯಾಗಿ ಪಿಸಿವಿ ಏರಿದ್ದರೆ ಒಟ್ಟು ಪ್ರೋಟೀನೂ ಜೊತೆಗೆ ಏರಿರುತ್ತದೆ. ಬರೀ ಪಿಸಿವಿ ಏರಿದ್ದರೆ ಗುಲ್ಮದ ಕೆಲಸ ಇರಬೇಕು.

ಕಾರ್ಟಿಸೋಲ್ ಹಿಡಿದ ಕೆಲವೇ ನಿಮಿಷದಲ್ಲಿ ಏರಲು ಶುರುವಾಗುತ್ತದೆ, ಹತ್ತರಿಂದ ಮೂವತ್ತು ನಿಮಿಷದೊಳಗೆ ಮೇಲೆ ಮುಟ್ಟುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಹಿಡಿದ ಎರಡು ಮೂರು ನಿಮಿಷದೊಳಗೆ ರಕ್ತ ಬಂದರೆ ಮಾತ್ರ ಅದು ಹಂದಿ ಸುಮ್ಮನಿದ್ದಾಗಿನ ಮಟ್ಟ. ಹತ್ತು ನಿಮಿಷ ಗುದ್ದಾಡಿ ತೆಗೆದ ರಕ್ತದಲ್ಲಿ ನೀವು ಅಳೆಯುತ್ತಿರುವುದು ನಿಮ್ಮ ಗುದ್ದಾಟವನ್ನೇ. ಇನ್ನೊಂದು, ಬೆಳಿಗ್ಗೆ ಅದು ಸಹಜವಾಗಿಯೇ ಜಾಸ್ತಿ ಇರುತ್ತದೆ, ಸಂಜೆ ಕಡಿಮೆ. ಬೆಳಗಿನ ಸ್ಯಾಂಪಲ್ಲನ್ನು ಸಂಜೆಯದ್ದರ ಜೊತೆ ಹೋಲಿಸಿದರೆ ಅರ್ಥವಿಲ್ಲ.

ಬಿಳಿ ಕಣಗಳ ಹಂಚಿಕೆ ಗಂಟೆಗಳ ಸುದ್ದಿ. ಲಿಂಫೋಸೈಟ್, ನ್ಯೂಟ್ರೋಫಿಲ್, ಇಯೋಸಿನೋಫಿಲ್ ಅಂತ ಅದರಲ್ಲಿ ಬಗೆಗಳಿವೆ. ಹಂದಿಯಲ್ಲಿ ಲಿಂಫೋಸೈಟ್ ಹೆಚ್ಚು, ನ್ಯೂಟ್ರೋಫಿಲ್ ಕಡಿಮೆ ಇರುವುದು ವಾಡಿಕೆ. ಕಾರ್ಟಿಸೋಲ್ ಕೆಲವು ಗಂಟೆ ಏರಿದ್ದರೆ ಇದು ತಿರುಗುಮುರುಗಾಗುತ್ತದೆ, ಇಯೋಸಿನೋಫಿಲ್ ಕಾಣೆಯಾಗುತ್ತವೆ. ಸೋಂಕಿನಲ್ಲೂ ನ್ಯೂಟ್ರೋಫಿಲ್ ಏರುತ್ತದೆ ನಿಜ. ಆದರೆ ಅಲ್ಲಿ ಎಳೆಯ ನ್ಯೂಟ್ರೋಫಿಲ್‌ಗಳೂ ಕಾಣಿಸುತ್ತವೆ, ಜ್ವರ ಇರುತ್ತದೆ, ಉರಿಯೂತದಲ್ಲಿ ಹೆಚ್ಚುವ ಪ್ರೋಟೀನು ಹ್ಯಾಪ್ಟೋಗ್ಲೋಬಿನ್ ಏರಿರುತ್ತದೆ.

ಸಿಕೆ ನಿನ್ನೆಯದ್ದು. ಪೆಟ್ಟಾದ ಕೆಲವು ಗಂಟೆ ಕಳೆದ ಮೇಲೆ ಅದು ಮೇಲೆ ಮುಟ್ಟುತ್ತದೆ, ಮತ್ತೆ ಪೆಟ್ಟಾಗದಿದ್ದರೆ ಎರಡು ಮೂರು ದಿನದಲ್ಲಿ ಬಹಳಷ್ಟು ಇಳಿಯುತ್ತದೆ. ಎಎಸ್‌ಟಿ ನಿಧಾನಿ, ತಡವಾಗಿ ಏರಿ ತಡವಾಗಿ ಇಳಿಯುತ್ತದೆ.

ಈಗ ಇದನ್ನು ಜೋಡಿಸಿ ನೋಡಿ. ಲ್ಯಾಕ್ಟೇಟ್ 14, ಗ್ಲೂಕೋಸ್ 190, ಸಿಕೆ 1,800, ಎಎಸ್‌ಟಿ 50. ಇದರಲ್ಲಿ ನಿನ್ನೆಯ ಸುದ್ದಿ ಏನೂ ಇಲ್ಲ, ಎಲ್ಲ ಈಗಿನದ್ದು. ರಕ್ತ ತೆಗೆಯುವಾಗ ಹಂದಿ ಒದ್ದಾಡಿದೆ, ಅಷ್ಟೇ. ಇನ್ನೊಂದು ರಿಪೋರ್ಟ್: ಲ್ಯಾಕ್ಟೇಟ್ 3, ಗ್ಲೂಕೋಸ್ 110, ಸಿಕೆ 30,000, ಎಎಸ್‌ಟಿ 500. ಈ ಹಂದಿ ಈಗ ಶಾಂತವಾಗಿದೆ, ಆದರೆ ನಿನ್ನೆ ಮೊನ್ನೆ ಅದರ ಮೈಗೆ ಏನೋ ಆಗಿದೆ. ಗಾಡಿಯಲ್ಲಿ ಬಿದ್ದಿತಾ? ಹೊಸ ಹಂದಿಗಳ ಜೊತೆ ಬಿಟ್ಟಿರಾ, ಕಚ್ಚಾಡಿದವಾ? ಭುಜ, ಕಿವಿ ನೋಡಿ, ಗೀರು ಗಾಯ ಇರುತ್ತದೆ. ಸಿಕೆ ಇಳಿದು ಎಎಸ್‌ಟಿ ಮಾತ್ರ ಉಳಿದಿದ್ದರೆ ಪೆಟ್ಟು ಹಳೆಯದು. ಇಲ್ಲವೇ ಲಿವರ್ ಕಡೆ ನೋಡಬೇಕು.

ಸಾಲಿನ ಕೊನೆಯ ಹಂದಿ

ಒಂದೇ ದೊಡ್ಡಿಯ ಹತ್ತು ಹಂದಿಗಳ ರಿಪೋರ್ಟ್ ಬಂದು, ಅದರಲ್ಲಿ ನಾಲ್ಕಕ್ಕೆ ಮಾತ್ರ ಕಾರ್ಟಿಸೋಲ್ ಮತ್ತು ಗ್ಲೂಕೋಸ್ ಏರಿದ್ದರೆ, ಆ ನಾಲ್ಕಕ್ಕೆ ಕಾಯಿಲೆ ಅನ್ನಬೇಡಿ. ರಿಪೋರ್ಟುಗಳನ್ನು ರಕ್ತ ತೆಗೆದ ಕ್ರಮದಲ್ಲಿ ಜೋಡಿಸಿ. ಮೊದಲನೆಯದರಿಂದ ಕೊನೆಯದರ ತನಕ ಅಂಕಿ ಮೆಲ್ಲಗೆ ಏರುತ್ತಾ ಹೋಗಿದೆಯಾ? ಹಾಗಿದ್ದರೆ ಕಾರಣ ಗೊತ್ತಾಯಿತಲ್ವಾ. ಕೊನೆಯ ಹಂದಿ ಉಳಿದವೆಲ್ಲದರ ಕಿರುಚಾಟ ಕೇಳಿಸಿಕೊಂಡು ಮೂಲೆಯಲ್ಲಿ ನಡುಗುತ್ತಾ ನಿಂತಿತ್ತು.

ಇದು ಗೊತ್ತಾಗಬೇಕಾದರೆ ಟ್ಯೂಬಿನ ಮೇಲೆ ಹಂದಿಯ ನಂಬರ್ ಜೊತೆ ಸಾಲಿನ ನಂಬರ್, ಹಿಡಿದ ಸಮಯ, ರಕ್ತ ಬಂದ ಸಮಯ ಬರೆದಿರಬೇಕು. ಯಾರೂ ಬರೆಯುವುದಿಲ್ಲ. ಒಂದು ಪರ್ಮನೆಂಟ್ ಮಾರ್ಕರ್ ಇಟ್ಟುಕೊಂಡರೆ ಆಗುವ ಕೆಲಸ.

ಹಿಡಿಯುವುದಕ್ಕೆ ಮೇಲ್ದವಡೆಗೆ ಹಾಕುವ ತಂತಿ ಕುಣಿಕೆ ಬಳಸುತ್ತೇವೆ. ದೊಡ್ಡ ಹಂದಿಗೆ ಬೇರೆ ದಾರಿ ಕಡಿಮೆ. ಕತ್ತಿನ ಬಲಗಡೆಯಿಂದ ಚುಚ್ಚುವುದು ರೂಢಿ, ಎಡಕ್ಕಿಂತ ಆ ಕಡೆ ನರಕ್ಕೆ ಅಪಾಯ ಕಡಿಮೆ. ನಿಮಗೆ ಬೇಕಿರುವುದು ಕಾರ್ಟಿಸೋಲ್ ಒಂದೇ ಆಗಿದ್ದರೆ ಸೂಜಿಯೇ ಬೇಡ. ಹತ್ತಿಯ ಉಂಡೆಯನ್ನು ದಾರಕ್ಕೆ ಕಟ್ಟಿ ದೊಡ್ಡಿಯೊಳಗೆ ಇಳಿಬಿಡಿ. ಹಂದಿ ಕುತೂಹಲಕ್ಕೆ ತಾನೇ ಬಂದು ಜಗಿಯುತ್ತದೆ. ಆ ಜೊಲ್ಲಿನಲ್ಲೂ ಕಾರ್ಟಿಸೋಲ್ ಅಳೆಯಬಹುದು. ಅಂಕಿ ರಕ್ತದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ, ಹಾಗಾಗಿ ಲ್ಯಾಬಿನವರಿಗೆ ಜೊಲ್ಲು ಅಂತ ಮೊದಲೇ ಹೇಳಿ.

ಹಿಡಿದ ಕೂಡಲೇ ಕುಸಿದು ಬಿದ್ದರೆ

ಇಲ್ಲಿ ರಿಪೋರ್ಟಿಗೆ ಕಾಯುವ ಹಾಗಿಲ್ಲ. ಬಾಯಿ ತೆರೆದು ಏದುಸಿರು, ಬಾಲ ಮತ್ತು ಖಂಡ ನಡುಗುವುದು, ಚರ್ಮದ ಮೇಲೆ ಕೆಂಪು ಬಿಳಿ ಪಟ್ಟೆ, ಕಾಲು ಮರಗಟ್ಟಿದಂತೆ ಸೆಟೆಯುವುದು, ಮೈ ಬಿಸಿ ಮಾಮೂಲಿ 39 ಡಿಗ್ರಿ ಸೆಲ್ಸಿಯಸ್‌ನಿಂದ 41, 42ಕ್ಕೆ ಏರುವುದು. ಇಷ್ಟು ಕಂಡರೆ ಕೈಬಿಡಿ. ಎಳೆಯಬೇಡಿ, ಎಬ್ಬಿಸಬೇಡಿ. ನೆರಳು ಮಾಡಿ, ನೀರು ಚಿಮುಕಿಸಿ, ಗಾಳಿ ಆಡಲಿ. ಹಂದಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಇಲ್ಲ. ಏಪ್ರಿಲ್ ಮಧ್ಯಾಹ್ನ ಹಂದಿ ಸಾಗಿಸುವವರು ಇದನ್ನು ನೆನಪಿಡಬೇಕು.

ಬಿಸಿಲೂ ಇಲ್ಲ, ಜಾಸ್ತಿ ಓಡಿಸಲೂ ಇಲ್ಲ, ಆದರೂ ಹೀಗಾಯಿತು ಅಂದರೆ ವಂಶದ ಕಡೆ ನೋಡಿ. ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ, ಲ್ಯಾಂಡ್ರೇಸಿನ ಕೆಲವು ವಂಶಗಳಲ್ಲಿ ಈ ದೋಷ ಹೆಸರುವಾಸಿ. ಖಂಡದೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಮೆಕ್‌ಲೆನನ್ ತಂಡ 1991ರಲ್ಲಿ ಅದನ್ನು ಗುರುತಿಸಿತು. ಹ್ಯಾಲೋಥೇನ್ ಅರಿವಳಿಕೆ ಕೊಟ್ಟರೂ ಇಂಥ ಹಂದಿ ಸೆಟೆಯುತ್ತದೆ, ಸಾಯಲೂಬಹುದು, ಅದಕ್ಕೇ ಹ್ಯಾಲೋಥೇನ್ ಜೀನ್ ಅಂತ ಹೆಸರು. ಕೆಲವು ಮನುಷ್ಯರಿಗೂ ಆಪರೇಷನ್ ಟೇಬಲ್ಲಿನ ಮೇಲೆ ಹೀಗೇ ಆಗುತ್ತದೆ. ಅವರ ಜೀವ ಉಳಿಸುವ ಡ್ಯಾಂಟ್ರೊಲೀನ್ ಈ ತೊಂದರೆಗೆ ಕೆಲಸ ಮಾಡುತ್ತದೆ ಅಂತ ದಕ್ಷಿಣ ಆಫ್ರಿಕಾದ ಗೈಸ್‌ಫರ್ಡ್ ಹ್ಯಾರಿಸನ್ 1975ರಲ್ಲಿ ತೋರಿಸಿದ್ದು ಹಂದಿಗಳಲ್ಲೇ.

ಇಂಥ ಹಂದಿಯ ರಕ್ತದಲ್ಲಿ ಪೊಟ್ಯಾಸಿಯಂ, ಲ್ಯಾಕ್ಟೇಟ್, ಸಿಕೆ ಮೂರೂ ಒಟ್ಟಿಗೆ ಏರಿ ಪಿಎಚ್ ಇಳಿದಿರುತ್ತದೆ. ಆದರೆ ಬಿಸಿಲಿಗೆ ಕುಸಿದ ಹಂದಿಯದ್ದೂ ಹೀಗೇ ಬರಬಹುದು. ಬೇರೆ ಮಾಡಿ ತೋರಿಸುವುದು ಡಿಎನ್ಎ ಪರೀಕ್ಷೆ. ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದ ಮರಿಗೆ ಮಾತ್ರ ಪೂರ್ತಿ ತೊಂದರೆ. ಸತ್ತದ್ದರ ಜೊತೆ ಹುಟ್ಟಿದವು, ಬೀಜದ ಗಂಡು, ತಾಯಿ ಎಲ್ಲದರ ಬುಡ ಸಮೇತ ಕಿತ್ತ ಕೂದಲು ಕಳಿಸಿ.

ಒಂದು ಎಚ್ಚರಿಕೆ. ಒಂದಾದ ಮೇಲೊಂದು ಹಂದಿ ಸಾಯುತ್ತಿದ್ದರೆ, ಜ್ವರ ಇದ್ದು ಕಿವಿ ಹೊಟ್ಟೆ ಕೆಂಪು ನೀಲಿಯಾಗಿದ್ದರೆ, ಅದನ್ನು ಗಾಬರಿ, ಬಿಸಿಲು ಅಂತ ತಳ್ಳಿಹಾಕಬೇಡಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ದೇಶದೊಳಗೆ ಕಾಣಿಸಿಕೊಂಡಿದೆ. ಹೆಣ ಕೊಯ್ಯಬೇಡಿ, ರಕ್ತದ ತುಂಬ ವೈರಸ್ ಇರುತ್ತದೆ. ಉಳಿದವನ್ನು ಮಾರಬೇಡಿ. ಸರ್ಕಾರಿ ಪಶು ಆಸ್ಪತ್ರೆಗೆ ಮೊದಲು ತಿಳಿಸಿ.

ಕಾಡುಹಂದಿಯ ರಕ್ತ

ಮಲೆನಾಡಿನ ಕಡೆ ಬಾವಿಗೆ ಬಿದ್ದ, ಉರುಳಿಗೆ ಸಿಕ್ಕ ಕಾಡುಹಂದಿಯನ್ನು ಬಿಡಿಸುವಾಗ ವೈದ್ಯರು ರಕ್ತ ತೆಗೆಯುವುದುಂಟು. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆ ಇಲ್ಲದೆ ಮುಟ್ಟುವ ಹಾಗಿಲ್ಲ. ಆ ರಿಪೋರ್ಟನ್ನು ಸಾಕು ಹಂದಿಯ ಮಟ್ಟದ ಜೊತೆ ಇಟ್ಟು ಓದಿದರೆ ಎಲ್ಲವೂ ಜಾಸ್ತಿಯೇ. ಮನುಷ್ಯನ ವಾಸನೆಗೇ ಹೆದರುವ ಪ್ರಾಣಿಯಿಂದ ಸುಮ್ಮನಿದ್ದಾಗಿನ ರಕ್ತ ಸಿಗುವುದೇ ಇಲ್ಲ. ಹಾಗಾಗಿ ಅಂಕಿ ಏರಿದೆಯಾ ಅನ್ನುವ ಪ್ರಶ್ನೆ ಬಿಡಿ. ಎಷ್ಟು ಹೊತ್ತು ಸಿಕ್ಕಿಕೊಂಡಿತ್ತು, ಖಂಡ ಎಷ್ಟು ಹಾಳಾಗಿದೆ ಅಂತ ಕೇಳಿ.

ಗ್ಲೂಕೋಸ್ 250 ಇದ್ದರೆ ಯಾವ ಮದ್ದು ಹಾಕಿ ಕೆಡವಿದರು ಅಂತ ನೋಡಿ. ಜೈಲಜೀನ್ ಇನ್ಸುಲಿನ್ ಅನ್ನು ತಡೆಯುತ್ತದೆ, ಸಕ್ಕರೆ ಏರುವುದು ಅದರಿಂದಲೂ ಇರಬಹುದು. ಮದ್ದು ಹತ್ತಿದ ಮೇಲೆ ಗುಲ್ಮ ಸಡಿಲವಾಗಿ ಪಿಸಿವಿ ಇಳಿಯುತ್ತದೆ, ಅದನ್ನು ರಕ್ತಹೀನತೆ ಅನ್ನಬೇಡಿ.

ಭಯಪಡಬೇಕಾದ್ದು ಬೇರೆ. ರಾತ್ರಿಯೆಲ್ಲ ಉರುಳಿನಲ್ಲಿ ಎಳೆದಾಡಿದ ಹಂದಿ. ಸಿಕೆ ಹತ್ತಾರು ಸಾವಿರ, ಎಎಸ್‌ಟಿ ಏರಿದೆ, ಕ್ರಿಯಾಟಿನಿನ್ ಕೂಡ ಏರುತ್ತಿದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಖಂಡ ಕರಗಿ ಅದರ ಬಣ್ಣದ ಪ್ರೋಟೀನು ಕಿಡ್ನಿಗೆ ಇಳಿಯುತ್ತಿದೆ. ನಡೆದುಕೊಂಡು ಕಾಡಿಗೆ ಹೋದರೂ ಮುಂದಿನ ದಿನಗಳಲ್ಲಿ ಸಾಯಬಹುದು. ದ್ರವ ಹಾಕಿ, ಕತ್ತಲಲ್ಲಿ ಸದ್ದಿಲ್ಲದೆ ಇಡುವುದೇ ಚಿಕಿತ್ಸೆ. ಅಷ್ಟು ಹೊತ್ತು ಕೂಡಿಹಾಕುವುದು ಕೂಡ ಒತ್ತಡವೇ. ಇದೊಂದು ಇಕ್ಕಟ್ಟು, ವೈದ್ಯರು ಸ್ಥಳದಲ್ಲೇ ನೋಡಿ ತೀರ್ಮಾನ ಮಾಡಬೇಕು.

ಯೂರೋಪಿನಲ್ಲಿ ಬೇಟೆಯಾಡಿದ ಕಾಡುಹಂದಿಯ ರಕ್ತವನ್ನೂ ಪರೀಕ್ಷೆ ಮಾಡುತ್ತಾರೆ. ನಾಯಿ ಬಿಟ್ಟು ಅಟ್ಟಿಸಿದ್ದಾ, ಮಚಾನಿನಿಂದ ಸದ್ದಿಲ್ಲದೆ ಹೊಡೆದದ್ದಾ ಅನ್ನುವ ವ್ಯತ್ಯಾಸ ಕಾರ್ಟಿಸೋಲ್‌ನಲ್ಲಿ ಕಾಣುತ್ತದೆ. ಆದರೆ ಸತ್ತ ಮೇಲೆ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ, ಎಲ್‌ಡಿಎಚ್, ಎಎಸ್‌ಟಿ ನಂಬುವ ಹಾಗಿಲ್ಲ. ಜೀವಕೋಶಗಳು ಒಡೆದು ಅವು ತಾವಾಗಿಯೇ ಏರುತ್ತಿರುತ್ತವೆ.

ಎಲ್ಲ ಸರಿ ಇದೆ, ಹಂದಿ ಮಾತ್ರ ಸೊರಗಿದೆ

ಕಾರ್ಟಿಸೋಲ್ ಮಾಮೂಲಿ ಇದೆ, ಹಾಗಾಗಿ ಒತ್ತಡ ಇಲ್ಲ ಅನ್ನುವ ವಾದ ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಇಕ್ಕಟ್ಟಿನಲ್ಲಿ ಇಟ್ಟ ಹಂದಿಯಲ್ಲಿ ಅದು ಮಾಮೂಲಿ ಬರಬಹುದು, ಕಡಿಮೆಯೂ ಬರಬಹುದು. ಬೆಳಿಗ್ಗೆ ಸಂಜೆಯ ಏರಿಳಿತ ಮಾತ್ರ ಸವೆದು ಹೋಗಿರುತ್ತದೆ. ಎರಡೂ ಹೊತ್ತು ಜೊಲ್ಲು ತೆಗೆದು ನೋಡಿದರೆ ಗೊತ್ತಾಗುತ್ತದೆ. ಕೂದಲಿನ ಕಾರ್ಟಿಸೋಲ್ ವಾರ, ತಿಂಗಳುಗಳ ಲೆಕ್ಕ ಕೊಡುತ್ತದೆ, ಆದರೆ ಕೂದಲಿಗೆ ಗಂಜಲ ಮೆತ್ತಿದ್ದರೆ ಆ ಲೆಕ್ಕ ಕೆಡುತ್ತದೆ. ಬಾಲ ಕಚ್ಚುವುದು, ಕಿವಿ ಕಚ್ಚುವುದು ಕಂಡರೆ ನನ್ನ ಮಟ್ಟಿಗೆ ಯಾವ ಟ್ಯೂಬೂ ಬೇಡ.

ಕೊನೆಗೆ ಉಳಿಯುವುದು ಸಿಕೆ, ಎಎಸ್‌ಟಿ ಏರಿದ್ದು, ಆದರೆ ಓಡಿಸಿಲ್ಲ, ಸಾಗಿಸಿಲ್ಲ, ಇಂಜೆಕ್ಷನ್ ಕೊಟ್ಟಿಲ್ಲ ಅನ್ನುವ ಕೇಸು. ಎರಡು ಮೂರು ದಿನ ಮುಟ್ಟದೆ ಬಿಟ್ಟು ಮತ್ತೆ ರಕ್ತ ತೆಗೆಸಿ. ಸಿಕೆ ಅರ್ಧಕ್ಕಿಂತ ಕೆಳಗೆ ಬಂದಿದ್ದರೆ ನಿಮಗೆ ಗೊತ್ತಿಲ್ಲದೆ ಪೆಟ್ಟು ಬಿದ್ದಿತ್ತು, ಈಗ ಮುಗಿದಿದೆ. ಹಾಗೇ ನಿಂತಿದ್ದರೆ ಖಂಡ ಇನ್ನೂ ಹಾಳಾಗುತ್ತಲೇ ಇದೆ. ಫೀಡಿನಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಎಷ್ಟಿದೆ, ಕೊಬ್ಬು ಹಳಸಿದೆಯಾ, ಕೋಳಿ ಫೀಡ್ ಏನಾದರೂ ಬೆರೆತು ಅದಕ್ಕೆ ಹಾಕುವ ಮೊನೆನ್ಸಿನ್ ಅನ್ನುವ ಮದ್ದು ಸೇರಿದೆಯಾ ಅಂತ ಮೂಟೆಯ ಚೀಟಿ ಸಮೇತ ನೋಡಿ. ಎರಡನೇ ಸ್ಯಾಂಪಲ್ಲನ್ನು ಅದೇ ಲ್ಯಾಬಿಗೆ, ಅದೇ ಹೊತ್ತಿಗೆ, ಅದೇ ಬಣ್ಣದ ಟ್ಯೂಬಿನಲ್ಲಿ ಕಳಿಸಿ.